ಕೊಳ್ಳುವವರು ಬೇರೆ, ಕೂರುವವರು ಬೇರೆ



ದೊಡ್ಡ ಮೋಟಾರು ಕಂಪನಿಯೊಂದರ ವ್ಯಾಪಾರದ ಲೆಕ್ಕಾಚಾರ, ಅದರ ನೀತಿ, ಅದು ಮಾಡಿ ಮಾರುವ ಗಾಡಿಯ ಸುರಕ್ಷತೆ, ಈ ಮೂರೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಇಂದಿನ ವಿಷಯ. ಇದು ಡೆಟ್ರಾಯಿಟ್ ಅಥವಾ ಪುಣೆಯ ಮಾತು, ಸಾಹಿತ್ಯ ಸಂಗೀತದ ಧಾರವಾಡಕ್ಕೆ ಯಾಕೆ ಎಂದು ಯಾರಿಗಾದರೂ ಅನಿಸಿದರೆ ಅವರು ಬೇಲೂರು ಕೈಗಾರಿಕಾ ಪ್ರದೇಶದ ಕಡೆ ಒಮ್ಮೆ ಹೋಗಿ ಬರಬೇಕು. ಟಾಟಾ ಮೋಟರ್ಸ್ 2006ರಲ್ಲಿ ಬ್ರೆಜಿಲ್ಲಿನ ಮಾರ್ಕೊಪೋಲೊ ಕಂಪನಿಯೊಂದಿಗೆ 51ಕ್ಕೆ 49ರ ಪಾಲಿನಲ್ಲಿ ಕೂಡಿಕೊಂಡು, ಮುಂದೆ ಬಸ್ಸಿನ ಕಾರ್ಖಾನೆ ಕಟ್ಟಿದ್ದು ಅಲ್ಲೇ. ಮಾರ್ಕೊಪೋಲೊದ ಪಾಲನ್ನು ಸುಮಾರು 100 ಕೋಟಿ ರೂಪಾಯಿಗೆ ಕೊಳ್ಳುವುದಾಗಿ 2020ರ ಕೊನೆಯಲ್ಲಿ ಟಾಟಾ ಪ್ರಕಟಿಸಿತು. ಏಸ್ ಜಿಪ್, ಮ್ಯಾಜಿಕ್ ಐರಿಸ್ ಎಂಬ ಸಣ್ಣ ಗಾಡಿಗಳೂ ಧಾರವಾಡದಲ್ಲೇ ತಯಾರಾದವು. ನಮ್ಮ ಮನೆಗಳ ಹುಡುಗರು ಐಟಿಐ ಮುಗಿಸಿ ಅಲ್ಲಿ ವೆಲ್ಡಿಂಗಿಗೆ ನಿಲ್ಲುತ್ತಾರೆ, ಡಿಪ್ಲೊಮಾ ಮುಗಿಸಿದವರು ಲೈನ್ ನೋಡಿಕೊಳ್ಳುತ್ತಾರೆ. ಎಲ್ಲೋ ದೂರದ ರಾಜ್ಯದಲ್ಲಿ ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗುತ್ತಿರುವವರ ತಲೆಯ ಮೇಲಿನ ಚಾವಣಿಯ ಬೆಸುಗೆ ನಮ್ಮ ಊರಿನ ಕೈಯದ್ದಾಗಿರಬಹುದು. ಹಾಗಾಗಿ ಇದು ನಮ್ಮ ಮಾತೇ.

ನ್ಯಾನೊ ಕಾರಿನಿಂದ ಶುರುಮಾಡುತ್ತೇನೆ, ಯಾಕೆಂದರೆ ಆ ಕಾರು ನಮ್ಮ ಊರಿನ ಬಾಗಿಲಿಗೆ ಬಂದು ಹಿಂದಿರುಗಿತು. 2008ರ ಅಕ್ಟೋಬರ್ 3ರಂದು ರತನ್ ಟಾಟಾ ಅವರು ಬಂಗಾಳದ ಸಿಂಗೂರು ಬಿಡುವುದಾಗಿ ಹೇಳಿದಾಗ ಹಲವು ರಾಜ್ಯಗಳು ಕೈಬೀಸಿ ಕರೆದವು. ಕರ್ನಾಟಕವೂ ಕರೆಯಿತು, ಧಾರವಾಡದ ಜಮೀನಿನ ಮಾತೂ ಬಂತು. ನಾಲ್ಕೇ ದಿನದಲ್ಲಿ, ಅಕ್ಟೋಬರ್ 7ರಂದು, ನ್ಯಾನೊ ಗುಜರಾತಿನ ಸಾನಂದಕ್ಕೆ ಎಂದು ಗಟ್ಟಿಯಾಯಿತು. ಕೈಗೆ ಬಂದದ್ದು ತಪ್ಪಿತು ಎಂಬ ಹಳಹಳಿ ಇಲ್ಲಿ ಬಹಳ ದಿನ ಇತ್ತು. ಕಾರ್ಖಾನೆ ಬಂದಿದ್ದರೆ ಕೆಲಸ ಬರುತ್ತಿತ್ತು, ನಿಜ. ಆದರೆ ಆ ಕಾರಿನಿಂದ ಕಲಿಯಬೇಕಾದದ್ದು ಉದ್ಯೋಗದ ಲೆಕ್ಕಕ್ಕಿಂತ ದೊಡ್ಡದಿದೆ.

ಸಾಮಾನ್ಯವಾಗಿ ಕಂಪನಿಯವರು ಗಾಡಿ ಮಾಡಿ, ಖರ್ಚು ಲೆಕ್ಕ ಹಾಕಿ, ಅದರ ಮೇಲೆ ಲಾಭ ಇಟ್ಟು ಬೆಲೆ ಹೇಳುತ್ತಾರೆ. ನ್ಯಾನೊದಲ್ಲಿ ಬೆಲೆ ಮೊದಲೇ ನಿಂತಿತ್ತು: ಒಂದು ಲಕ್ಷ ರೂಪಾಯಿ. ಆ ಅಂಕಿಯೊಳಗೆ ಕಾರನ್ನು ಕೂರಿಸುವುದು ಎಂಜಿನಿಯರುಗಳ ಕೆಲಸವಾಯಿತು. 624 ಸಿಸಿಯ ಎರಡು ಸಿಲಿಂಡರಿನ ಎಂಜಿನ್ ಹಿಂದಕ್ಕೆ ಹೋಯಿತು. ಚಕ್ರಕ್ಕೆ ಮೂರೇ ನಟ್ಟು. ಮುಂದಿನ ಗಾಜಿಗೆ ಒಂದೇ ವೈಪರ್. ಮೂಲ ಮಾದರಿಗೆ ಬದಿಯ ಕನ್ನಡಿಯೂ ಒಂದೇ. ಡಿಕ್ಕಿಗೆ ಹೊರಗಿನಿಂದ ತೆಗೆಯುವ ಬಾಗಿಲಿಲ್ಲ. 2009ರ ಮಾರ್ಚಿನಲ್ಲಿ ಕಾರು ಮಾರುಕಟ್ಟೆಗೆ ಬರುವ ಹೊತ್ತಿಗೆ ಉಕ್ಕಿನ ಬೆಲೆ ಏರಿಳಿದು, ಕಾರ್ಖಾನೆಯೇ ಸ್ಥಳ ಬದಲಿಸಿ ಖರ್ಚು ಏರಿತ್ತು. ಆದರೂ ಕೊಟ್ಟ ಮಾತಿಗೆ ತಪ್ಪಬಾರದೆಂದು ಮೂಲ ಮಾದರಿಯ ಬೆಲೆಯನ್ನು ಆ ಲಕ್ಷದ ಸುತ್ತಲೇ ಹಿಡಿದರು.

ಈ ಮಿತವ್ಯಯವನ್ನು ನಾನು ಹಗುರಾಗಿ ಕಾಣುವವನಲ್ಲ. ಕಡಿಮೆಯಲ್ಲಿ ಹೆಚ್ಚು ಮಾಡುವುದೇ ಎಂಜಿನಿಯರಿಂಗ್. ಮಳೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಒಂದೇ ಸ್ಕೂಟರಿನ ಮೇಲೆ ಹೋಗುವುದನ್ನು ಕಂಡು ಈ ಕಾರಿನ ಯೋಚನೆ ಹುಟ್ಟಿತೆಂದು ರತನ್ ಟಾಟಾ ಹಲವು ಸಲ ಹೇಳಿದ್ದರು. ಅದನ್ನು ಸುಳ್ಳೆನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಆದರೆ ಒಂದು ಭೇದ ಮಾಡಬೇಕು. ಒಂದು ವೈಪರ್ ತೆಗೆದರೆ ಅದು ಕಣ್ಣಿಗೆ ಕಾಣುತ್ತದೆ. ಕೊಳ್ಳುವವರು ಶೋರೂಮಿನಲ್ಲಿ ನೋಡಿ, ಈ ಬೆಲೆಗೆ ಇಷ್ಟು ಸಾಕು ಎಂದು ತೂಗಿ ಒಪ್ಪಿಕೊಳ್ಳುತ್ತಾರೆ. ಬಾಗಿಲ ಕಂಬದೊಳಗಿನ ತಗಡಿನ ದಪ್ಪ, ಬೆಸುಗೆಯ ಚುಕ್ಕಿಗಳ ಸಂಖ್ಯೆ, ಎದುರಿನಿಂದ ಪೆಟ್ಟು ಬಿದ್ದಾಗ ಸ್ಟಿಯರಿಂಗ್ ಎಷ್ಟು ಹಿಂದಕ್ಕೆ ನುಗ್ಗುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ, ಕಂಡರೂ ತಿಳಿಯುವುದಿಲ್ಲ. ಕಾಣುವ ಕಡಿತದಲ್ಲಿ ಗಿರಾಕಿಯ ಒಪ್ಪಿಗೆ ಇದೆ. ಕಾಣದ ಕಡಿತದಲ್ಲಿ ಒಪ್ಪಿಗೆ ಕಂಪನಿಯದ್ದು ಮಾತ್ರ. ವ್ಯಾಪಾರದ ಲೆಕ್ಕ ನೀತಿಯ ಪ್ರಶ್ನೆಯಾಗುವುದು ಆ ಜಾಗದಲ್ಲಿ.

2010ರಲ್ಲಿ ಕೆಲವು ನ್ಯಾನೊಗಳಿಗೆ ಬೆಂಕಿ ಹತ್ತಿತು. ಮುಂಬೈಯಲ್ಲಿ ಶೋರೂಮಿನಿಂದ ಮನೆಗೆ ಹೊರಟಿದ್ದ ಹೊಸ ಕಾರೊಂದು ದಾರಿಯಲ್ಲೇ ಉರಿದ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ಕಂಪನಿ ಸೈಲೆನ್ಸರ್ ಭಾಗಕ್ಕೂ ವಿದ್ಯುತ್ ಭಾಗಕ್ಕೂ ಹೆಚ್ಚಿನ ರಕ್ಷಣೆಯನ್ನು ಪುಕ್ಕಟೆಯಾಗಿ ಹಾಕಿಕೊಡುವುದಾಗಿ ಹೇಳಿತು. ಆದರೆ ಇದು ಗಾಡಿಗಳನ್ನು ಹಿಂದಕ್ಕೆ ಕರೆಸುವ ಕ್ರಮವಲ್ಲ ಎಂದೂ ಸೇರಿಸಿತು. ಕೆಲಸ ಸರಿ ಇತ್ತು, ಹಿಂಜರಿಕೆ ಸರಿ ಇರಲಿಲ್ಲ. ದೋಷ ಇದೆ ಎಂದು ಬಾಯಿಬಿಟ್ಟು ಹೇಳಿದ ಕಂಪನಿಯ ಮೇಲೆ ಗಿರಾಕಿಯ ಭರವಸೆ ಹೆಚ್ಚುತ್ತದೆ ಎಂಬುದು ಆಗಿನ್ನೂ ನಮ್ಮ ಉದ್ಯಮಕ್ಕೆ ಮನವರಿಕೆಯಾಗಿರಲಿಲ್ಲ.

ಮುಂದೆ 2014ರ ಜನವರಿ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದ ಫಲಿತಾಂಶ ಹೊರಬಿತ್ತು. ನ್ಯಾನೊ, ಮಾರುತಿ ಆಲ್ಟೊ 800, ಹುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ತಾರೆ. ನಮ್ಮ ಕಾನೂನಿನ ಪ್ರಕಾರ ಮಾತ್ರ ಐದೂ ಸರಿ, ಯಾಕೆಂದರೆ ಎದುರಿನಿಂದ ಹೀಗೆ ಗುದ್ದಿಸಿ ನೋಡುವ ಪರೀಕ್ಷೆಯನ್ನು ನಮ್ಮ ಸರಕಾರ ಆಗ ಕೇಳುತ್ತಲೇ ಇರಲಿಲ್ಲ. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರಿನಿಂದ ಎಲ್ಲ ಕಾರುಗಳಿಗೆ ಅದು ಕಡ್ಡಾಯವಾಯಿತು, ಅದೂ 56 ಕಿ.ಮೀ. ವೇಗಕ್ಕೆ. ಕಾನೂನು ಪಾಲಿಸಿದ್ದೇವೆ ಎಂಬ ಮಾತು ಎಷ್ಟು ತೆಳ್ಳಗಿರಬಹುದು ಎಂದು ಆ ಫಲಿತಾಂಶ ತೋರಿಸಿತು.

ಕಂಪನಿಗಳ ವಾದವನ್ನೂ ನ್ಯಾಯವಾಗಿ ಇಡಬೇಕು. ಮಾರುತಿಯ ಅಧ್ಯಕ್ಷ ಆರ್.ಸಿ. ಭಾರ್ಗವ ಇದನ್ನು ವರ್ಷಗಟ್ಟಲೆ ಮುಚ್ಚುಮರೆಯಿಲ್ಲದೆ ಹೇಳಿದವರು: ಏರ್‌ಬ್ಯಾಗ್ ಹೆಚ್ಚಿಸಿದರೆ ಸಣ್ಣ ಕಾರಿನ ಬೆಲೆ ಏರುತ್ತದೆ, ಬಡ ಮಧ್ಯಮ ವರ್ಗದವರು ಕಾರು ಬಿಟ್ಟು ದ್ವಿಚಕ್ರ ವಾಹನದಲ್ಲೇ ಉಳಿಯುತ್ತಾರೆ, ಅಲ್ಲಿ ಸಾವು ಹೆಚ್ಚು. ಈ ವಾದದಲ್ಲಿ ಹುರುಳಿದೆ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಸಂಜೆ ನಿಂತು ನೋಡಿದವರು ಇದನ್ನು ಸುಲಭಕ್ಕೆ ತಳ್ಳಿಹಾಕಲಾರರು. ಆದರೆ ಈ ವಾದ ಹೂಡುವವರ ಮೇಲೆ ಒಂದು ಹೊಣೆ ಬೀಳುತ್ತದೆ. ಬೆಲೆ ಕಡಿಮೆ ಇಡಲು ಏನನ್ನು ಬಿಟ್ಟಿದ್ದೇವೆ ಎಂಬುದನ್ನು ಕೊಳ್ಳುವವರ ಮುಂದೆ ಅವರಿಗೆ ತಿಳಿಯುವ ಭಾಷೆಯಲ್ಲಿ ಇಡಬೇಕು. ಇಡಲಿಲ್ಲ. ಜಾಹೀರಾತಿನಲ್ಲಿ ಮೈಲೇಜು ಇತ್ತು, ನಗುವ ಮಕ್ಕಳಿದ್ದರು.

ಆಮೇಲೆ ಆದದ್ದನ್ನು ಗಮನಿಸಿ. ಸೊನ್ನೆ ಬಂದ ಮೇಲೆ ಫೋಕ್ಸ್‌ವ್ಯಾಗನ್ ಎರಡು ಏರ್‌ಬ್ಯಾಗ್‌ಗಳನ್ನು ಪೋಲೊದ ಎಲ್ಲ ಮಾದರಿಗಳಿಗೂ ಹಾಕಿತು, ಅದೇ ಕಾರು ನಾಲ್ಕು ತಾರೆ ಪಡೆಯಿತು. 2018ರಲ್ಲಿ ಟಾಟಾದ ನೆಕ್ಸಾನ್ ಮೊದಲು ನಾಲ್ಕು ತಾರೆ ಪಡೆದು, ಕೊರತೆ ತುಂಬಿಕೊಂಡು, ಅದೇ ಡಿಸೆಂಬರಿನಲ್ಲಿ ಐದು ತಾರೆ ಪಡೆದ ಮೊದಲ ಭಾರತೀಯ ಕಾರಾಯಿತು. ನ್ಯಾನೊದ ತಯಾರಿಕೆ ನಿಂತದ್ದೂ ಅದೇ ವರ್ಷ. ಸೊನ್ನೆಯಿಂದ ಐದಕ್ಕೆ ಐದು ವರ್ಷವೂ ಹಿಡಿಯಲಿಲ್ಲ. ಅದೇ ದೇಶ, ಅದೇ ಕಂಪನಿ. ತಾರೆಯ ಲೆಕ್ಕ ಜಾಹೀರಾತಿಗೇ ಬಂತು, ಗಿರಾಕಿಗಳು ಅದನ್ನು ಕೇಳತೊಡಗಿದರು. 2023ರ ಅಕ್ಟೋಬರ್ 1ರಿಂದ ಭಾರತದ್ದೇ ಪರೀಕ್ಷೆ, ಭಾರತ್ ಎನ್‌ಕ್ಯಾಪ್, ಜಾರಿಗೆ ಬಂತು. ಬೆಲೆಯ ಮಾತಾಡುತ್ತಿದ್ದ ಮಾರುತಿಯ ಡಿಸೈರ್ ಕೂಡ 2024ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ತಾರೆ ಪಡೆಯಿತು. ಆಗುವುದಿಲ್ಲ ಎಂದದ್ದು ಆಯಿತು.

ಹಾಗೆಂದು ಕಂಪನಿಗಳು ಒಮ್ಮೆ ತಿದ್ದಿಕೊಂಡರೆ ತಿದ್ದಿಕೊಂಡೇ ಇರುತ್ತವೆ ಎಂದು ನಂಬಬೇಡಿ. ಪೋಲೊವನ್ನು ಬೇಗ ಸರಿಪಡಿಸಿದ ಅದೇ ಫೋಕ್ಸ್‌ವ್ಯಾಗನ್ 2015ರಲ್ಲಿ ಸಿಕ್ಕಿಬಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತು ಹಿಡಿದು ಆ ಹೊತ್ತಿಗೆ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಗಾಡಿಗಳಲ್ಲಿ ಅದು ಇಟ್ಟಿತ್ತು. ಭಾರತದಲ್ಲಿ 3.23 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಹೊಗೆ ಕಾರು ಕೊಂಡವರ ಮೂಗಿಗೆ ಬರುವಂಥದ್ದಲ್ಲ, ಹಿಂದೆ ಬರುವವರದ್ದು. ಈ ಮಾತನ್ನು ನೆನಪಿನಲ್ಲಿಡಿ, ಯಾಕೆಂದರೆ ನಾನು ಹೇಳಬೇಕೆಂದು ಬಂದದ್ದು ಅದಕ್ಕೆ ತೀರ ಹತ್ತಿರ ಇದೆ.

ಕಾರಿನಲ್ಲಿ ತಾರೆ ಯಾಕೆ ಕೆಲಸ ಮಾಡಿತು? ಕೊಳ್ಳುವವರೇ ಅದರಲ್ಲಿ ಕೂರುತ್ತಾರೆ. ತನ್ನ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸುವ ತಂದೆ ಸುರಕ್ಷತೆಗೆ ಐವತ್ತು ಸಾವಿರ ಹೆಚ್ಚು ಕೊಡಲು ತಯಾರಾದಾಗ ಕಂಪನಿಗೆ ಆ ದುಡ್ಡಿನ ಸಪ್ಪಳ ಕೇಳಿಸುತ್ತದೆ. ಆದರೆ ನಮ್ಮ ಹುಬ್ಬಳ್ಳಿ ಧಾರವಾಡದ, ಕಲಘಟಗಿ, ನವಲಗುಂದ, ಕುಂದಗೋಳದ ಜನ ಯಾವುದರಲ್ಲಿ ಓಡಾಡುತ್ತಾರೆ? ವಾಯವ್ಯ ಸಾರಿಗೆಯ ಬಸ್ಸಿನಲ್ಲಿ. ಟಂಟಂನಲ್ಲಿ. ಮದುವೆಗೆ, ಜಾತ್ರೆಗೆ, ಯಲ್ಲಮ್ಮನ ಗುಡ್ಡಕ್ಕೆ ಬಾಡಿಗೆಗೆ ಹಿಡಿದ ಕ್ರೂಸರಿನಲ್ಲಿ. ಬೆಂಗಳೂರಿಗೆ ಸ್ಲೀಪರ್ ಬಸ್ಸಿನಲ್ಲಿ. ಇವುಗಳಲ್ಲಿ ಕೂರುವವರು ಯಾರೂ ಗಾಡಿಯನ್ನು ಕೊಂಡವರಲ್ಲ. ಕೊಂಡವರು ಬೇರೆ. ಅವರು ನೋಡುವುದು ಲೀಟರಿಗೆ ಎಷ್ಟು ಓಡುತ್ತದೆ, ಎಷ್ಟು ಜನ ಹಿಡಿಯುತ್ತಾರೆ, ಕಂತು ಎಷ್ಟು ತಿಂಗಳಿಗೆ ತೀರುತ್ತದೆ ಎಂಬುದನ್ನು. ಅದು ಅವರ ಹೊಟ್ಟೆಪಾಡು, ತಪ್ಪೆನ್ನಲಾರೆ. ಭಾರತ್ ಎನ್‌ಕ್ಯಾಪ್ ತಾರೆ ಕೊಡುವುದು ಚಾಲಕನನ್ನು ಬಿಟ್ಟು ಎಂಟು ಸೀಟಿನೊಳಗಿನ, 3.5 ಟನ್ನಿನೊಳಗಿನ ಗಾಡಿಗಳಿಗೆ. ಬಸ್ಸಿಗೆ ತಾರೆ ಇಲ್ಲ. ಟಿಕೆಟ್ ತೆಗೆಯುವವರ ಎದುರಿಗೆ ಯಾವ ಫಲಿತಾಂಶವೂ ಇಲ್ಲ.

2021ರ ಜನವರಿ 15ರ ಬೆಳಿಗ್ಗೆ ಇಟ್ಟಿಗಟ್ಟಿ ಕ್ರಾಸಿನ ಬಳಿ ನಮ್ಮ ಬೈಪಾಸಿನಲ್ಲಿ ಆದದ್ದು ಈ ಸಭೆಯಲ್ಲಿ ಯಾರಿಗೂ ಮರೆತಿಲ್ಲ. ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರಿಗೂ ಎದುರುಬದುರು ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವ ಹೋದವು. ಆಗ ಚರ್ಚೆಯಾದದ್ದು ರಸ್ತೆ. ನಾಲ್ಕು ಪಥದ ಹೆದ್ದಾರಿ ನಡುವೆ ಎರಡೇ ಪಥಕ್ಕೆ ಇಳಿಯುತ್ತಿದ್ದ ಆ ಬೈಪಾಸಿನ ಬಗ್ಗೆ ಊರು ಸಿಟ್ಟಾಯಿತು, ದಾವಣಗೆರೆಯವರು ಬಂದು ಪ್ರತಿಭಟಿಸಿದರು, ಆ ಒತ್ತಾಯ ಅಗಲೀಕರಣಕ್ಕೆ ಬಲ ಕೊಟ್ಟಿತು. ಆ ಸಿಟ್ಟು ಬೇಕಾಗಿತ್ತು. ಆದರೆ ಇಂಥ ಗಾಡಿಗಳಲ್ಲಿ ಸೀಟುಗಳನ್ನು ನೆಲಕ್ಕೆ ಹೇಗೆ ಬಿಗಿದಿರುತ್ತಾರೆ, ಹಿಂದೆ ಕೂತವರಿಗೆಲ್ಲ ಬೆಲ್ಟ್ ಇರುತ್ತದೆಯೇ, ಎದುರಿನ ಪೆಟ್ಟನ್ನು ತಡೆಯಲು ಮುಂಭಾಗದಲ್ಲಿ ಏನಿರುತ್ತದೆ ಎಂದು ಅಷ್ಟೇ ಗಟ್ಟಿಯಾಗಿ ಯಾರೂ ಕೇಳಲಿಲ್ಲ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ 1,68,491 ಜನ ಸತ್ತರು. ಪ್ರತಿ ಸಲವೂ ರಸ್ತೆ ಸರಿಯಿಲ್ಲ, ಚಾಲಕನಿಗೆ ನಿದ್ದೆ ಬಂದಿತ್ತು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಚಾಲಕನಿಗೆ ನಿದ್ದೆ ಬರುತ್ತದೆ, ರಸ್ತೆ ಕೆಡುತ್ತದೆ ಎಂದು ಗೊತ್ತಿದ್ದೇ ಗಾಡಿಯನ್ನು ಕಟ್ಟಬೇಕು. ಸುರಕ್ಷತೆಯ ಎಂಜಿನಿಯರಿಂಗ್ ಎಂದರೆ ಅದೇ. ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್ ಕಂಡುಹಿಡಿದಾಗ, ಕಂಪನಿ ಅದರ ಪೇಟೆಂಟನ್ನು ಎಲ್ಲರೂ ಬಳಸಲು ಬಿಟ್ಟುಕೊಟ್ಟಿತು. ಇಂದು ನೀವೆಲ್ಲ ಹಾಕಿಕೊಳ್ಳುವ ಬೆಲ್ಟ್ ಅದೇ. ವ್ಯಾಪಾರದಲ್ಲಿ ನೀತಿ ಎಂದರೆ ನನಗೆ ಮೊದಲು ನೆನಪಾಗುವ ಉದಾಹರಣೆಯೂ ಅದೇ.

ಅಂಥ ಕಂಪನಿಯ ಬಸ್ಸುಗಳೂ ಉರಿದವು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡು 45 ಜನ ಸತ್ತರು. ಹದಿನೈದೇ ದಿನಕ್ಕೆ, ನವೆಂಬರ್ 14ರ ನಸುಕಿನಲ್ಲಿ, ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದ ಬಸ್ಸು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಕುಣಿಮೆಳ್ಳಿಹಳ್ಳಿ ಬಳಿ ಹಾಗೆಯೇ ಉರಿದು ಏಳು ಜನ ಹೋದರು. ಎ.ಸಿ. ಬಸ್ಸಿನ ಗಾಜುಗಳು ತೆರೆಯುವಂಥವಲ್ಲ. ಇರುವುದು ಮುಂದಿನ ಬಾಗಿಲು, ತುರ್ತು ಬಾಗಿಲು, ಗಾಜು ಒಡೆಯುವ ಸಣ್ಣ ಸುತ್ತಿಗೆ.

ಈ ಸುತ್ತಿಗೆಯ ಮುಂದೆ ಸ್ವಲ್ಪ ನಿಲ್ಲುತ್ತೇನೆ. ಕಾರ್ಖಾನೆಯಿಂದ ಬಸ್ಸು ಹೊರಬೀಳುವಾಗ ಕಿಟಕಿಗಳ ನಡುವಿನ ಕಂಬಕ್ಕೆ ಕೆಂಪು ಹಿಡಿಯ ಸುತ್ತಿಗೆಗಳು ಇರುತ್ತವೆ. ಎರಡು ವರ್ಷ ಓಡಿದ ಯಾವುದೇ ಬಸ್ಸು ಹತ್ತಿ ನೋಡಿ, ಹಲವೆಡೆ ಕ್ಲಿಪ್ಪು ಮಾತ್ರ ಇರುತ್ತದೆ. ತುರ್ತು ಬಾಗಿಲಿಗೆ ಅಡ್ಡ ಒಂದು ಸೀಟು ಅಥವಾ ಬರ್ತು ಬಂದಿರುತ್ತದೆ. ಕಾರ್ಖಾನೆಯ ವೈರಿಂಗಿನ ಮೇಲೆ ಮಾಲೀಕರು ಟಿ.ವಿ., ಮೊಬೈಲ್ ಚಾರ್ಜಿಂಗ್, ಬಣ್ಣದ ದೀಪದ ಸಾಲು ಎಳೆಸಿರುತ್ತಾರೆ. ಜೋಡಿಸಿದ ಕಡೆ ಕಪ್ಪು ಟೇಪು ಸುತ್ತಿರುತ್ತದೆ. ಪರದೆ, ಫೋಮು, ರೆಕ್ಸಿನ್, ಪ್ಲೈವುಡ್ಡು, ಎಲ್ಲ ಉರಿಯುವ ಸಾಮಾನು. ಬಸ್ಸಿನ ಮೈ ಹೇಗಿರಬೇಕೆಂದು ಎಐಎಸ್ 052 ಎಂಬ ನಿಯಮಸಂಹಿತೆ ಇದೆ, ಮಗುಚಿದರೆ ಚಾವಣಿ ಎಷ್ಟು ಭಾರ ತಾಳಬೇಕು, ದಾರಿ ಎಷ್ಟಿರಬೇಕು ಎಂಬುದಕ್ಕೆಲ್ಲ ಲೆಕ್ಕ ಇದೆ. ಗಾಡಿ ಗೇಟು ದಾಟಿದ ಮೇಲೆ ತಮ್ಮ ಹೊಣೆ ಮುಗಿಯಿತು ಎಂಬುದು ತಯಾರಕರ ಮಾತು. ನನಗೆ ಒಪ್ಪಿಗೆಯಿಲ್ಲ. ಮಾಲೀಕರು ಟಿ.ವಿ. ಹಾಕಿಸಿಯೇ ಹಾಕಿಸುತ್ತಾರೆ ಎಂದು ಮಾರುವಾಗಲೇ ಗೊತ್ತಿರುತ್ತದೆ. ಅದಕ್ಕೆ ಬೇರೆಯೇ ಫ್ಯೂಸ್ ಇರುವ ಒಂದು ತಂತಿಯನ್ನು ಮೊದಲೇ ಎಳೆದು ಕೊಟ್ಟರೆ, ಕೀಳಲಾಗದ ಹಾಗೆ ತಂತಿಗೆ ಕಟ್ಟಿದ ಸುತ್ತಿಗೆ ಕೊಟ್ಟರೆ, ತುರ್ತು ಬಾಗಿಲ ಮುಂದೆ ಸೀಟು ಬಿಗಿಯಲು ಜಾಗವೇ ಇಲ್ಲದ ಹಾಗೆ ನೆಲ ಕಟ್ಟಿದರೆ, ಒಂದು ಬಸ್ಸಿಗೆ ಬೀಳುವ ಖರ್ಚು ಅದರ ಬೆಲೆಯ ಮುಂದೆ ಏನೂ ಅಲ್ಲ.

ಕಾನೂನು ಈ ನಡುವೆ ಸ್ವಲ್ಪ ಮುಂದೆ ಬಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಎಂಬ ಕಲಂ ಸೇರಿತು, 2021ರ ಏಪ್ರಿಲಿನಿಂದ ನಿಯಮಗಳು ಜಾರಿಯಾದವು. ದೋಷವಿರುವ ಗಾಡಿಗಳನ್ನು ಹಿಂದಕ್ಕೆ ಕರೆಸುವಂತೆ ಸರಕಾರ ಈಗ ಆದೇಶ ಮಾಡಬಹುದು, 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ದೂರು ಕೊಡಬೇಕಾದವರು ಯಾರು? ಇಂತಿಷ್ಟು ಪ್ರಮಾಣದ ಮಾಲೀಕರು. ಪರೀಕ್ಷಾ ಸಂಸ್ಥೆಗಳಿಂದ, ಬೇರೆ ಮೂಲಗಳಿಂದ ವರದಿ ಬಂದರೂ ನಡೆಯುತ್ತದೆ ಎಂದು ಕಲಂ ಹೇಳುತ್ತದೆ, ನಿಜ. ಆದರೆ ಎಣಿಕೆಯ ಯಂತ್ರ ಕಟ್ಟಿರುವುದು ಮಾಲೀಕರ ದೂರಿನ ಸುತ್ತ. ದಿನಾ ಅದೇ ಬಸ್ಸಿನಲ್ಲಿ ಕುಂದಗೋಳದಿಂದ ಹುಬ್ಬಳ್ಳಿಗೆ ಹೋಗುವ ಶಿಕ್ಷಕಿಗೆ, ಗಾಡಿಯ ನಡುಕ ಎಲ್ಲರಿಗಿಂತ ಮೊದಲು ಗೊತ್ತಾಗುವ ಚಾಲಕನಿಗೆ, ಅದರಲ್ಲಿ ಸ್ಥಾನವಿಲ್ಲ. ಕೂರುವವರ ದೂರನ್ನೂ ಎಣಿಸಬೇಕು ಎಂಬುದು ನನ್ನ ಮೊದಲ ಒತ್ತಾಯ.

ಎರಡನೆಯದು ಕಂಪನಿಯ ಒಳಗಿನದು, ಇದು ವಿದ್ಯಾರ್ಥಿಗಳಿಗೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಕೆಲವು ಕಾರುಗಳಲ್ಲಿ ಕೀಲಿ ತಿರುವುವ ಸ್ವಿಚ್ ಸಡಿಲ ಇತ್ತು. ಮೊಣಕಾಲು ತಗಲಿದರೂ ಓಡುವಾಗಲೇ ಎಂಜಿನ್ ಬಂದ್ ಆಗುತ್ತಿತ್ತು, ಅದರೊಂದಿಗೆ ಏರ್‌ಬ್ಯಾಗೂ. ಸ್ವಿಚ್ಚಿನ ದುರಸ್ತಿಗೆ ಒಂದು ಡಾಲರೂ ಬೇಕಿರಲಿಲ್ಲ. ಒಳಗೆ ಗೊತ್ತಾಗಿ ಹತ್ತು ವರ್ಷದ ಮೇಲೆ, 2014ರಲ್ಲಿ, 26 ಲಕ್ಷ ಕಾರು ಹಿಂದಕ್ಕೆ ಬಂದವು. 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ನಡುವೆ ಒಬ್ಬ ಎಂಜಿನಿಯರ್ ಸ್ವಿಚ್ಚನ್ನು ಸದ್ದಿಲ್ಲದೆ ಸುಧಾರಿಸಲು ಒಪ್ಪಿಗೆ ಕೊಟ್ಟರು, ಆದರೆ ಬಿಡಿಭಾಗದ ನಂಬರನ್ನು ಬದಲಿಸಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ಒಂದೇ ನಂಬರು. ಹಾಗಾಗಿ ಹಳೆಯ ಕಾರುಗಳಲ್ಲಿ ಜನ ಯಾಕೆ ಸಾಯುತ್ತಾರೆ, ಹೊಸವುಗಳಲ್ಲಿ ಯಾಕಿಲ್ಲ ಎಂದು ತನಿಖೆ ಮಾಡಿದವರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. ಕಂಪನಿಯೇ ನೇಮಿಸಿದ ವಕೀಲರ ವರದಿಯಲ್ಲಿ ಸಭೆಗಳ ಚಿತ್ರ ಇದೆ: ಸರಿಪಡಿಸಬೇಕು ಎಂಬುದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, ಎದ್ದು ಹೋಗುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಅಲ್ಲಿ ಕೆಟ್ಟ ಮನುಷ್ಯನೊಬ್ಬನನ್ನು ಹುಡುಕಿದರೆ ಸಿಗುವುದಿಲ್ಲ. ಕೆಳಗಿನವರ ಮಾತು ಮೇಲಕ್ಕೆ ಮುಟ್ಟುವ ದಾರಿ ಕಟ್ಟಿಹೋಗಿತ್ತು.

ಆ ದಾರಿ ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ, ಸುರಕ್ಷತೆಯದ್ದಲ್ಲದಿದ್ದರೂ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಂ.ಇ. ಮಾಡುತ್ತಿದ್ದ ಸುಧಾ ಅವರು, ಈಗಿನ ಸುಧಾ ಮೂರ್ತಿ, 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂಬ ಸಾಲು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಟೆಲ್ಕೊ ಎಂದರೆ ಇಂದಿನ ಟಾಟಾ ಮೋಟರ್ಸ್. ಕಾರ್ಡು ಮುಟ್ಟಿತು, ಸಂದರ್ಶನಕ್ಕೆ ಕರೆ ಬಂತು, ಕೆಲಸ ಸಿಕ್ಕಿತು. ವಿದ್ಯಾರ್ಥಿನಿಯೊಬ್ಬಳ ಕಾರ್ಡು ಕಂಪನಿಯ ನೆತ್ತಿಗೆ ಮುಟ್ಟಬಹುದಾದರೆ, ಬೇಲೂರಿನ ಶೆಡ್ಡಿನಲ್ಲಿ ಬೆಸುಗೆ ಹಾಕುವ ಗುತ್ತಿಗೆ ಕೆಲಸಗಾರನ ಮಾತೂ ಮುಟ್ಟಬೇಕು. ಟೊಯೋಟಾ ಪದ್ಧತಿಯಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಹಗ್ಗ ಇದ್ದರೆ ಸಾಲದು. ಎಳೆದವನು ಮರುದಿನವೂ ಕೆಲಸದಲ್ಲಿರುತ್ತಾನೆ ಎಂಬ ಭರವಸೆ ಬೇಕು, ಕಾಯಂ ನೌಕರನಿಗೆ ಮಾತ್ರವಲ್ಲ, ಗುತ್ತಿಗೆಯವನಿಗೂ. ನೀವು ಮುಂದೆ ಮ್ಯಾನೇಜರ್ ಆದಾಗ ಇದೊಂದನ್ನು ನಿಮ್ಮ ಕೈಯಾರೆ ಮಾಡಬಹುದು.

ಮೂರನೆಯದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 1997ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿದೆ. ಅದು ಸಾಮಾನ್ಯ ಗಿರಾಕಿಯಲ್ಲ, ಕೂರುವವರ ಪರವಾಗಿ ಕೊಳ್ಳುವ ಗಿರಾಕಿ. ಟೆಂಡರಿನಲ್ಲಿ ಅದು ಕೇಳಿದ್ದನ್ನು ತಯಾರಕರು ಕೊಡಲೇಬೇಕು. ಮಗುಚುವಿಕೆಯ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು ಎಂದು ಅದು ಒಂದು ಷರತ್ತು ಹಾಕಲಿ. ಖಾಸಗಿ ಬಸ್ಸಿನವರನ್ನೂ ಜನ ಆಮೇಲೆ ಕೇಳುತ್ತಾರೆ. ಇನ್ನು ನಮ್ಮ ಪೊಲೀಸ್ ಠಾಣೆಗಳ ಅಂಗಳದಲ್ಲಿ ಅಪಘಾತದ ಗಾಡಿಗಳು ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತಿರುತ್ತವೆ. ಸ್ಥಳದ ಮಾಹಿತಿಯನ್ನು ಪೊಲೀಸರು ಅಪಘಾತ ದಾಖಲಿಸುವ ಐರ್ಯಾಡ್ ಆ್ಯಪಿನಲ್ಲಿ ತುಂಬುತ್ತಾರೆ, ಆದರೆ ಯಾವ ಬೆಸುಗೆ ಬಿಟ್ಟಿತು, ಯಾವ ಸೀಟು ಕಿತ್ತು ಬಂತು, ಬೆಂಕಿ ಯಾವ ತಂತಿಯಿಂದ ಹೊರಟಿತು ಎಂದು ಅಳತೆ ಹಿಡಿದು ನೋಡಲು ಅವರಿಗೆ ಪುರಸೊತ್ತೂ ಇಲ್ಲ, ತರಬೇತಿಯೂ ಇಲ್ಲ. ಆ ಕೆಲಸಕ್ಕೆ ನಮ್ಮಲ್ಲೇ ಐಐಟಿ ಇದೆ, ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಎಸ್‌ಡಿಎಂ ಕಾಲೇಜು ಇದೆ. ಪೊಲೀಸ್ ಕಮಿಷನರ್ ಮತ್ತು ಆರ್‌ಟಿಒ ಕಚೇರಿಯ ಒಪ್ಪಿಗೆ ಪಡೆದು ಕೊನೆಯ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಒಂದೊಂದು ಗಾಡಿಯನ್ನು ಹಿಡಿದು ನೋಡಲಿ. ಫೋಟೊ, ಅಳತೆ, ಚಾಸಿಸ್ ನಂಬರು, ತಯಾರಾದ ತಿಂಗಳು ಎಲ್ಲ ಇರುವ ವರದಿಯನ್ನು ಒಂದು ಪ್ರತಿ ತಯಾರಕರಿಗೆ, ಒಂದು ಪ್ರತಿ ದೆಹಲಿಯ ಸಾರಿಗೆ ಸಚಿವಾಲಯಕ್ಕೆ ಕಳಿಸಲಿ. 110ಎ ಕಲಮಿನಲ್ಲಿ ಬೇರೆ ಮೂಲಗಳು ಎಂಬ ಮಾತಿದೆಯಲ್ಲ, ಆ ಜಾಗಕ್ಕೆ ಧಾರವಾಡದ ವರದಿಗಳು ಹೋಗಿ ಸೇರಲಿ. ಇದೇ ವರ್ಷದ ಪ್ರಾಜೆಕ್ಟ್ ಪಟ್ಟಿ ಅಂತಿಮವಾಗುವ ಮುಂಚೆ ವಿಭಾಗದ ಮುಖ್ಯಸ್ಥರು ಮನಸ್ಸು ಮಾಡಿದರೆ, ಮೊದಲ ವರದಿ ಬೇಸಿಗೆಯೊಳಗೆ ತಯಾರಾಗುತ್ತದೆ.